ನಂಜಮ್ಮಣ್ಣಿ ಉಣ್ಣದ ಎಸರು

ದೇವೀರಮ್ಮನಿಗೆ ಆಸೆಗಳು ಕಡಿಮೆ. ಸೀರೆ ಕಂಡು ಬಾಯಿ ಬಿಟ್ಟವಳಲ್ಲ, ಓಲೆ ಬೇಕೆಂದು ಗಂಡನ ಪ್ರಾಣ ತಿಂದವಳಲ್ಲ. ಆದರೆ ಒಂದೇ ಒಂದು ಆಸೆ ಅವಳನ್ನು ವರ್ಷಾನುಗಟ್ಟಲೆ ಬಿಟ್ಟೂ ಬಿಡದೆ ಕಾಡಿತು. ನಂಜಮ್ಮಣ್ಣಿ ಒಂದು ದಿನ ತನ್ನ ಮನೆಗೆ ಬರಬೇಕು, ಚಾಪೆಯ ಮೇಲೆ ಕೂರಬೇಕು, ತಾನು ಬೇಯಿಸಿ ಬಡಿಸಿದ್ದನ್ನು ಹೊಟ್ಟೆ ತುಂಬ ಉಣ್ಣಬೇಕು. ಇದೇನು ಮಹಾ ಆಸೆ ಅನ್ನುವವರು ನಮ್ಮ ಸೀಮೆಯವರಲ್ಲ. ನರಸೀಪುರದಲ್ಲಿ ಕಾವೇರಿಯೂ ಕಪಿಲೆಯೂ ಯಾರನ್ನೂ ಕೇಳದೆ ಕೂಡಿಬಿಡುತ್ತವೆ. ಮನುಷ್ಯರು ಒಂದು ಪಂಕ್ತಿಯಲ್ಲಿ ಕೂಡುವುದು ಅಷ್ಟು ಸಲೀಸಲ್ಲ.

ಇಬ್ಬರೂ ನರಸೀಪುರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಬೇಯುತ್ತಿರುತ್ತದೆ. ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ಇಬ್ಬರದೂ ಅಕ್ಕಪಕ್ಕದ ತೊಟ್ಟಿ. ಬೆಂದ ಹುಳುವಿನ ನಾತ ಬೆರಳಿಗೆ ಹತ್ತಿದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಆ ನಾತಕ್ಕೆ ಮಾತ್ರ ಜಾತಿಯಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ್ದ ನಂಜಮ್ಮಣ್ಣಿಯ ಕೈಗೂ ಅದೇ ನಾತ, ಅಂಬೇಡ್ಕರ್ ನಗರದಿಂದ ಬರುತ್ತಿದ್ದ ದೇವೀರಮ್ಮನ ಕೈಗೂ ಅದೇ ನಾತ.

ನಂಜಮ್ಮಣ್ಣಿ ಹದಿನಾರು ಎಂಬ ಹಳ್ಳಿಯ ಸೊಸೆ. ತೌರಿನ ಕಡೆ ಅಪ್ಪ ಶಾಲೆಯ ಮೇಷ್ಟ್ರಾಗಿದ್ದರಿಂದ ಮಾತು ತುಸು ತಿದ್ದಿದ ಹಾಗಿತ್ತು. ಗಂಡನಿಗೆ ನರಸೀಪುರದ ಅಕ್ಕಿ ಮಿಲ್ಲಿನಲ್ಲಿ ಕೆಲಸ; ಪೇಟೆಯಲ್ಲೊಂದು ಬಾಡಿಗೆ ಮನೆ, ಜೊತೆಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವ ಅತ್ತೆ. ಬೆಳಿಗ್ಗೆ ಲಿಂಗಪೂಜೆಯಾಗದೆ ಆಕೆ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಪೂಜೆ ಮುಗಿಸಿ ಬಂದು ಸಂಜೆಯ ತನಕ ಸಾವಿರಾರು ಹುಳುಗಳನ್ನು ಬೇಯಿಸುತ್ತಿದ್ದಳು.

"ಅಕ್ಕ, ನೀವು ಬೇಯ್ಸಿರೋ ಜೀವದ ಮುಂದೆ ನಮ್ಮನೆ ಕೋಳಿ ಯಾವ ಲೆಕ್ಕ" ಎಂದು ದೇವೀರಮ್ಮ ರೇಗಿಸುತ್ತಿದ್ದಳು.

"ಬೇಯಿಸ್ತೀನಿ ಕಣೆ, ತಿನ್ನಲ್ಲವಲ್ಲ" ಎನ್ನುತ್ತಿದ್ದಳು ನಂಜಮ್ಮಣ್ಣಿ. ಇಬ್ಬರೂ ನಗುತ್ತಿದ್ದರು. ಮೇಸ್ತ್ರಿ ಆ ಕಡೆಯಿಂದ ಗದರಿದರೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಗುತ್ತಿದ್ದರು.

ಮಧ್ಯಾಹ್ನ ಕಾಂಪೌಂಡಿನ ಹೊಂಗೆಮರದ ಕೆಳಗೆ ಊಟ. ಅಲ್ಲೊಂದು ಕಾನೂನಿತ್ತು, ಯಾರೂ ಬರೆದದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ನಂಜಮ್ಮಣ್ಣಿ ತನ್ನ ಡಬ್ಬಿಯಿಂದ ರೊಟ್ಟಿ ಮುರಿದು, ಹುಚ್ಚೆಳ್ಳಿನ ಚಟ್ನಿ ಇಟ್ಟು ದೇವೀರಮ್ಮನಿಗೆ ಕೊಡುವಳು. ದೇವೀರಮ್ಮನ ಡಬ್ಬಿಯಿಂದ ಆಕೆ ತೆಗೆದುಕೊಳ್ಳುವ ಹಾಗಿಲ್ಲ. ಕೊಡುವುದು ಸುಲಭ, ಈಸಿಕೊಳ್ಳುವುದರಲ್ಲೇ ಇರುವುದು ಮಡಿ ಮೈಲಿಗೆಯೆಲ್ಲ. ಹಾಗಂತ ನಂಜಮ್ಮಣ್ಣಿ ಏನೂ ಮುಟ್ಟುತ್ತಿರಲಿಲ್ಲ ಅಂತಲ್ಲ. ಸೌತೆಕಾಯಿ, ಹಸಿ ಕಡಲೆಕಾಯಿ, ಸೀಬೆಹಣ್ಣು ಎಲ್ಲ ಆಗುತ್ತಿತ್ತು. ಒಲೆ ಕಾಣದ್ದು, ನೀರಲ್ಲಿ ಬೇಯದ್ದು ಯಾರ ಮನೆಯದಾದರೂ ಸರಿಯೇ. ಅದಕ್ಕೇ ದೇವೀರಮ್ಮ ದಿನವೂ ಸೆರಗಿನ ತುದಿಯಲ್ಲಿ ಅಂಥದ್ದೊಂದನ್ನು ಕಟ್ಟಿಕೊಂಡು ಬರುತ್ತಿದ್ದಳು.

ಇನ್ನೊಂದು ಏರ್ಪಾಡೂ ಇತ್ತು. ಭಾನುವಾರ ಮನೆಯಲ್ಲಿ ಬಾಡು, ಅಂದರೆ ಮಾಂಸದಡುಗೆ, ಮಾಡಿದ್ದರೆ ಸೋಮವಾರ ದೇವೀರಮ್ಮನ ಡಬ್ಬಿಯಲ್ಲಿ ಅದೇ ಇರುತ್ತಿತ್ತು. ಅಂಥ ದಿನ ಅವಳು ಮರದ ಹತ್ತಿರ ಬರುವ ಮುಂಚೆಯೇ, "ಇವತ್ತು ಎಸರು ಕಣಕ್ಕ, ಆ ಕಡೀಕ್ ಕೂತ್ಕತೀನಿ" ಎಂದು ಹೇಳಿ ನೀರಿನ ಟ್ಯಾಂಕಿನ ಮಗ್ಗುಲಿಗೆ ಹೋಗಿಬಿಡುತ್ತಿದ್ದಳು. ಎಸರು ಎಂದರೆ ಬಾಡಿನ ಸಾರು. ನಂಜಮ್ಮಣ್ಣಿಯ ಮನೆಯಲ್ಲಿ ಆ ಮಾತಿನ ಬಳಕೆಯೇ ಇರಲಿಲ್ಲ. ಅದನ್ನು ಆಕೆಗೆ ಕಲಿಸಿದ್ದೇ ದೇವೀರಮ್ಮ. ಗೆಳತಿಗೆ ಹೇಸಿಗೆ ಆಗಬಾರದೆಂದು ಕಲಿಸಿದ್ದು.

ಮಗಳು ರೋಜಾಳ ಕಿವಿ ಚುಚ್ಚಿಸಿದ ದಿನ ನಂಜಮ್ಮಣ್ಣಿ ಅಂಬೇಡ್ಕರ್ ನಗರದ ಬೀದಿಯ ತುದಿಯ ತನಕ ಬಂದಿದ್ದಳು. ಮಗುವಿನ ಕೈಗೆ ಕಾಣಿಕೆ ಕೊಟ್ಟಳು, ಹಣೆಗೆ ಮುತ್ತಿಟ್ಟಳು. ಊಟದ ಮಾತು ಬಂದಾಗ ದೇವೀರಮ್ಮನ ಅತ್ತೆ ಮುದ್ದಮ್ಮ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಒಂದು ತೆಂಗಿನಕಾಯಿ ಇಟ್ಟು ತಂದು ಕೊಟ್ಟಳು. ಪಡಿ ಎನ್ನುತ್ತಾರೆ ಅದಕ್ಕೆ. ನಮ್ಮಲ್ಲಿ ಉಣ್ಣದ ದೊಡ್ಡ ಜಾತಿಯವರಿಗೆ ನಾವು ಕೊಡುವ ಊಟ ಅದು. ಮನೆಗೆ ಹೋಗಿ ತಾವೇ ಬೇಯಿಸಿಕೊಂಡು ಉಣ್ಣಲಿ ಅಂತ. ಮಾರನೆಯ ದಿನ ತೊಟ್ಟಿಯ ಹತ್ತಿರ ನಂಜಮ್ಮಣ್ಣಿ, "ನಿನ್ನ ಮಗಳ ಹೆಸರಿನ ಊಟ ಚೆನ್ನಾಗಿತ್ತು ದೇವೀರಿ" ಎಂದಳು.

"ನೀವೇ ಬೇಯ್ಸ್ಕಂಡ್ ಉಂಡಿದೀರಿ, ಚೆನ್ನಾಗಿರ್ದೆ ಏನಕ್ಕ" ಎಂದು ದೇವೀರಮ್ಮ ನಕ್ಕಳು. ನಕ್ಕದ್ದು ನಿಜ, ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮೊರದ ಅಕ್ಕಿ ಬೇಳೆಯೇ ಅವಳ ಕಣ್ಣ ಮುಂದಿತ್ತು. ಆವತ್ತಿನಿಂದಲೇ ಈ ಆಸೆ ಗಟ್ಟಿಯಾದದ್ದು.

ಮುಂದೆ ದೇವೀರಮ್ಮನ ಮನೆಯವರಿಗೆ ಸರ್ಕಾರದ ಆಶ್ರಯ ಮನೆ ಮಂಜೂರಾಯಿತು. ಗಂಡ ಮರಿಯಯ್ಯ ಗಾರೆ ಕೆಲಸದವನಾದ್ದರಿಂದ ಗೋಡೆ ಎಬ್ಬಿಸಿದ್ದು, ನೆಲಕ್ಕೆ ಸಿಮೆಂಟು ಬಳಿದದ್ದು ಎಲ್ಲ ಅವನದೇ ಕೈ. ಅವನು ಆ ಹೊತ್ತಿಗೆ ಊರಿನ ನಾಲ್ಕಾರು ಜನರ ಜೊತೆ ಸೇರಿ ಬೌದ್ಧ ಧಮ್ಮ ತೆಗೆದುಕೊಂಡಿದ್ದ. ಹೋಮ ಗೀಮ ಬೇಡ, ಬುದ್ಧವಂದನೆ ಮಾಡಿ ಹಾಲುಕ್ಕಿಸಿ ಒಳಕ್ಕೆ ಹೋಗೋಣ ಎಂದ. ದೇವೀರಮ್ಮನಿಗೆ ಯಾವ ವಂದನೆಯಾದರೂ ಒಂದೇ. ಅವಳ ಧ್ಯಾನವೆಲ್ಲ ನಂಜಮ್ಮಣ್ಣಿಯ ಊಟದ ಮೇಲೆ.

"ಅಕ್ಕ, ಓಸ ಮನೆ. ಒಲೆನೂ ಓಸದು. ಪಾತ್ರೆ ಪಡಗ ಸೌಟು ಎಲ್ಲ ಓಸದಾಗಿ ತತ್ತೀನಿ. ಬಾಡು ಕಂಡಿರೋ ಒಂದು ಚಮಚನೂ ಒಳಕ್ ಬುಡಲ್ಲ. ಬತ್ತೀರಾ?"

ನಂಜಮ್ಮಣ್ಣಿ ತೊಟ್ಟಿಯಲ್ಲಿ ಎಳೆ ಹುಡುಕುತ್ತಲೇ ಇದ್ದಳು. "ಅತ್ತೆಗೆ ಗೊತ್ತಾದ್ರೆ ಮನೆಯೊಳಗೆ ಸೇರಿಸಲ್ಲ" ಎಂದಳು. ಆಮೇಲೆ, "ಬರ್ತೀನಿ ಕಣೆ. ಗುಡಿಗೆ ಹೋಗ್ತೀನಿ ಅಂತ ಹೇಳಿ ಬರ್ತೀನಿ" ಎಂದಳು. ದೇವೀರಮ್ಮನ ಕೈಯಲ್ಲಿದ್ದ ಎಳೆ ಕಿತ್ತುಹೋಯಿತು. ಆವತ್ತು ಮೇಸ್ತ್ರಿಯಿಂದ ಬೈಸಿಕೊಂಡದ್ದೂ ಅವಳಿಗೆ ಹಿತವಾಗೇ ಇತ್ತು.

ಮರಿಯಯ್ಯನಿಗೆ ಮಾತ್ರ ಹೊಸ ಪಾತ್ರೆಗಳ ಸಾಲು ಕಂಡು ರೇಗಿತು.

"ನಮ್ ಪಾತ್ರೇಲಿ ಉಣ್ಣಕ್ ಆಗ್ದೋರ್ಗೆ ಯಾಕಮ್ಮಿ ಇಷ್ಟೊಂದು ಉಪಚಾರ. ನಾವೇನ್ ಕಳ್ತನ ಮಾಡಿದ್ದೀವಾ, ಇರೋ ಪಾತ್ರೆ ಮುಚ್ಚಿಡಕ್ಕೆ?"

"ನೀನು ನಿನ್ ಬುದ್ಧಂಗೆ ಊವ ಮಡಗು. ನಾನು ನಮ್ಮಕ್ಕಂಗೆ ಎಲೆ ಆಕ್ತೀನಿ" ಎಂದಳು ದೇವೀರಮ್ಮ. ಅವನು ಗೊಣಗುತ್ತ ಹೊರಕ್ಕೆ ಹೋದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಪ್ರೀತಿಗೆ ನ್ಯಾಯ ಹೇಳಿ ಗೆದ್ದವರುಂಟೇ.

ಹಾಲುಕ್ಕಿತು, ಬುದ್ಧವಂದನೆ ಆಯಿತು. ನಂಜಮ್ಮಣ್ಣಿ ಬಂದಳು. ಹಸಿರು ಸೀರೆ ಉಟ್ಟು, ಸೆರಗು ಹೊದ್ದು, ಹಿಂದೆ ಮುಂದೆ ನೋಡುತ್ತ ಬಂದಳು. ಬೀದಿಯ ತುದಿಗೆ ನಿಲ್ಲಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದು, ಗೋಡೆ ಮುಟ್ಟಿ ನೋಡಿ, "ಮರಿಯಯ್ಯನ ಕೈಗುಣ ಚೆನ್ನಾಗಿದೆ" ಎಂದಳು. ದೇವೀರಮ್ಮ ಅವಳನ್ನು ಹೊಸ ಚಾಪೆಯ ಮೇಲೆ ಕೂರಿಸಿದಳು. ಎಲೆ ಹಾಕಿದಳು, ನೀರು ಚಿಮುಕಿಸಿದಳು. ಹುರುಳಿಕಾಯಿ ಪಲ್ಯ, ಕೋಸಂಬರಿ, ಹಪ್ಪಳ ಬಡಿಸಿದಳು. ಅನ್ನ ತರಲೆಂದು ಎದ್ದು ಒಲೆಯ ಕಡೆಗೆ ತಿರುಗಿದಳು.

ಅಷ್ಟರಲ್ಲಿ ಒಳಗಿನಿಂದ ಮುದ್ದಮ್ಮನ ದನಿ ಬಂತು. "ಆವಮ್ಮಂಗೆ ಮೊದ್ಲು ಎಸರು ಬುಡವ್ವ. ಬೆಳಿಗ್ಗೆಯಿಂದ ಬೆಂದದೆ, ಬೆಣ್ಣೆ ಆದಂಗೆ ಆಗದೆ. ತಡಿ, ನಾನೇ ತತ್ತೀನಿ."

ದೇವೀರಮ್ಮ ಅನ್ನದ ಪಾತ್ರೆ ಹಿಡಿದು ಬಂದಾಗ ನಂಜಮ್ಮಣ್ಣಿ ಎದ್ದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಯಾಕಕ್ಕ?"

"ಹೊಟ್ಟೇಲಿ ಒಂಥರಾ ಆಗ್ತಿದೆ ದೇವೀರಿ. ಬರ್ತೀನಿ."

ಅಷ್ಟೇ. ಬಾಗಿಲಲ್ಲಿ ಮುದ್ದಮ್ಮ ಪಾತ್ರೆ ಹಿಡಿದು ನಿಂತಿದ್ದಳು. ಅವಳನ್ನು ದಾಟಿಕೊಂಡು ನಂಜಮ್ಮಣ್ಣಿ ಹೊರಟುಹೋದಳು. ತುಂಬಿದ ಎಲೆ ಹಾಗೇ ಇತ್ತು. ಊಟಕ್ಕೆ ಬರದೇ ಇದ್ದವರನ್ನು ನಮ್ಮ ಜನ ಕ್ಷಮಿಸುತ್ತಾರೆ. ಕೂತು, ಎಲೆ ಹಾಕಿಸಿಕೊಂಡು, ಬಿಟ್ಟು ಎದ್ದುಹೋಗುವುದು ಮಾತ್ರ ಶಾಪ ಹಾಕಿದ ಹಾಗೆ. ಹೊಸ ಮನೆಯ ಮೊದಲನೆಯ ಎಲೆ ಅದು. ದೇವೀರಮ್ಮ ಅದರ ಮುಂದೆ ಕುಕ್ಕರಿಸಿ ಕೂತು ಅತ್ತಳು. ಮರಿಯಯ್ಯ ಬಂದು ನೋಡಿ ಹೊರಕ್ಕೆ ಹೋದ. ಅವನು ಬೈದಿದ್ದರೇ ಅವಳಿಗೆ ಹಗುರವಾಗುತ್ತಿತ್ತು.

ಮಾರನೆಯ ದಿನ ಕಾರ್ಖಾನೆಯಲ್ಲಿ ನಂಜಮ್ಮಣ್ಣಿ ತಲೆ ಎತ್ತಲಿಲ್ಲ. ದೇವೀರಮ್ಮನೂ ಕೇಳಲಿಲ್ಲ. ಕೇಳುವುದೇನು? ಹೊಸ ಒಲೆ, ಹೊಸ ಪಾತ್ರೆ, ಎಲ್ಲ ಹೊಸದು. ಹಳೆಯದು ಅಂತ ಉಳಿದಿದ್ದದ್ದು ತಮ್ಮ ಜಾತಿ ಒಂದೇ. ಅದನ್ನು ಯಾವ ಅಂಗಡಿಯಲ್ಲಿ ಬದಲಾಯಿಸಿ ತರಬೇಕಿತ್ತು? ಮಧ್ಯಾಹ್ನ ಅವಳು ಯಾವ ಮಾತೂ ಹೇಳದೆ ನೀರಿನ ಟ್ಯಾಂಕಿನ ಮಗ್ಗುಲಿಗೆ ಹೋಗಿ ಕೂತಳು. ಡಬ್ಬಿಯಲ್ಲಿ ಬರೀ ಸೊಪ್ಪಿನ ಸಾರು ಇತ್ತು. ಕೆಲವು ದಿನ ಕಳೆದು ನಂಜಮ್ಮಣ್ಣಿ ಬೇರೆ ಪಾಳಿಗೆ ಹಾಕಿಸಿಕೊಂಡಳು. ಆಮೇಲೆ ಗಂಡ ತೀರಿಕೊಂಡು, ಕೆಲಸ ಬಿಟ್ಟು, ಹದಿನಾರಿನ ಮನೆಗೆ ಹೋಗಿ ಸೇರಿಕೊಂಡಳೆಂದು ಯಾರೋ ಹೇಳಿದರು.

ದೇವೀರಮ್ಮ ಮರೆಯಲಿಲ್ಲ. ಪಕ್ಕದ ತೊಟ್ಟಿಗೆ ಬೇರೆ ಹೆಂಗಸು ಬಂದಳು, ಒಳ್ಳೆಯವಳೇ. ಆದರೂ ಎಳೆ ಸಿಕ್ಕಿದಾಗ ಅಭ್ಯಾಸಬಲದಿಂದ ಆ ಕಡೆ ತಿರುಗಿ "ಅಕ್ಕ" ಅನ್ನಲು ಹೋಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹುಚ್ಚೆಳ್ಳಿನ ಚಟ್ನಿಯ ವಾಸನೆ ಬಂದರೆ ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದಳು. ಹೊಸ ಪಾತ್ರೆಗಳನ್ನು ಅವಳು ಬಳಕೆಗೆ ತೆಗೆಯಲೇ ಇಲ್ಲ. ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಳು. ಬಂದರೆ ಬೇಕಾಗುತ್ತದಲ್ಲ.

"ಎಲೆ ಬುಟ್ಟು ಎದ್ದೋದೋಳ್ನ ಇನ್ನೂ ಎಷ್ಟು ದಿನ ನೆನ್ಕಂಡು ಕೊರಗ್ತೀಯೇ" ಎಂದು ಮರಿಯಯ್ಯ ಒಂದು ಸಲ ಕೇಳಿದ.

"ನಂಗೇನ್ ಗೊತ್ತು" ಎಂದಳು ಅವಳು. ನಿಜವಾಗಿಯೂ ಗೊತ್ತಿರಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಮುದ್ದಮ್ಮ ಕಣ್ಣು ಮುಚ್ಚಿದಳು. ರೋಜಾ ಬೆಳೆದು ಕಾಲೇಜಿಗೆಂದು ನಂಜನಗೂಡಿನ ಹಾಸ್ಟೆಲ್ಲಿಗೆ ಸೇರಿದಳು. ಸಂಕ್ರಾಂತಿ ರಜೆಗೆ ಮನೆಗೆ ಬಂದವಳು ರಾಗಿ ಕೇರುತ್ತಿದ್ದ ಅಮ್ಮನ ಪಕ್ಕ ಕೂತು ಹಾಸ್ಟೆಲ್ಲಿನ ಕಥೆ ಹೇಳತೊಡಗಿದಳು. ರೂಮಿನಲ್ಲಿ ಸುತ್ತೂರು ಕಡೆಯ ಲಿಂಗಾಯತರ ಹುಡುಗಿ ಒಬ್ಬಳಿದ್ದಳು, ಇಬ್ಬರಿಗೂ ಬಲು ದೋಸ್ತಿ, ಒಂದೇ ತಟ್ಟೆ ಒಂದೇ ಲೋಟ.

"ಮೊದಲನೇ ದಿನ ಅವ್ಳು ನನ್ ಹೆಸರು ಕೇಳಿದ್ಲಾ, ನಾನು 'ನನ್ ಎಸರು ರೋಜಾ' ಅಂದೆ. ಅವ್ಳು ಬಿದ್ದು ಬಿದ್ದು ನಕ್ಕಳು. 'ಯಾವ ಎಸರೇ, ಕೋಳಿ ಎಸರಾ ಕುರಿ ಎಸರಾ' ಅಂತ. ಈಗ್ಲೂ ನನ್ನ ಕೋಳಿಎಸರು ಅಂತಾನೇ ಕರೆಯೋದು."

ರೋಜಾ ನಗುತ್ತಿದ್ದಳು. ದೇವೀರಮ್ಮನ ಕೈಯಲ್ಲಿದ್ದ ಮೊರ ನಿಂತುಹೋಯಿತು.

ಹೆಸರು, ಎಸರು. ಅವರ ಬೀದಿಯಲ್ಲಿ ಎರಡಕ್ಕೂ ಒಂದೇ ಸದ್ದು. ಆವತ್ತು ಆ ಹೊಸ ಒಲೆಯ ಮೇಲೆ ಬೆಳಿಗ್ಗೆಯಿಂದ ಬೆಂದಿದ್ದದ್ದು ಏನು? ಹೆಸರುಬೇಳೆ ಪಾಯಸ. ಆ ಮುದುಕಿ ಜನ್ಮದಲ್ಲಿ ಪಾಯಸ ಅಂದವಳೇ ಅಲ್ಲ, ಎಸರು ಬೆಂತಾ, ಎಸರು ಬುಡ್ಲಾ ಅನ್ನುತ್ತಿದ್ದವಳು. ಮೊದಲು ಸಿಹಿ ಬಡಿಸಲಿ ಅಂತ ಅಂದದ್ದು ಅದು. ನಂಜಮ್ಮಣ್ಣಿಯ ಕಿವಿಗೆ ಅದು ಟ್ಯಾಂಕಿನ ಮಗ್ಗುಲಿನ ಎಸರಾಗಿಯೇ ಬಿದ್ದಿರಬೇಕು. ಪಾಪ, ಮೋಸ ಮಾಡಿ ಬಾಡು ತಿನ್ನಿಸಲು ಕರೆದಿದ್ದಾರೆ ಅಂದುಕೊಂಡು ಎದ್ದುಹೋದಳಲ್ಲ.

ದೇವೀರಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದದ್ದು ಒಂದೇ ಒಂದು ಅಕ್ಷರವೇ! ಸತ್ತುಹೋದ ಅತ್ತೆಯ ನಾಲಿಗೆಗೆ ಮನಸಾರೆ ಬೈದಳು. ಆಮೇಲೆ ಅತ್ತೆಯ ಫೋಟೊಗೆ ಕೈ ಮುಗಿದು ತಪ್ಪಾಯಿತು ಎಂದಳು. ಹೋಗಿ ಹೇಳಿಬಿಟ್ಟರೆ ಸಾಕು, ಅಕ್ಕ ಮಾರನೆಯ ದಿನವೇ ಬಂದು ಕೂತು ಉಣ್ಣುತ್ತಾಳೆ. ಅಟ್ಟದ ಮೇಲಿನ ಗೋಣಿಚೀಲ ಇಳಿಸಿ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು.

ರಜೆ ಮುಗಿದು ರೋಜಾಳನ್ನು ನಂಜನಗೂಡಿಗೆ ಬಿಟ್ಟವಳು ಅಲ್ಲಿಂದಲೇ ಹದಿನಾರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. 'ಹೆಸರು' ಎಂದು ಹ ಹಚ್ಚಿ ಹೇಳಲು ನಾಲ್ಕಾರು ಸಲ ಮೆಲ್ಲಗೆ ಬಾಯಾಡಿಸಿದ್ದನ್ನು ಕಂಡು ಪಕ್ಕದಲ್ಲಿ ಕೂತಿದ್ದ ಹೆಂಗಸು ಸರಿದು ಕೂತಳು.

ನಂಜಮ್ಮಣ್ಣಿ ಮನೆಯ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ದೇವೀರಿ" ಎಂದಳು. ಮಡಿಲಲ್ಲಿದ್ದ ಕಾಯಿ ಚೆಲ್ಲಿಹೋದದ್ದೂ ತಿಳಿಯದೆ ಎದ್ದುಬಂದು ಎರಡೂ ಕೈ ಹಿಡಿದುಕೊಂಡಳು. ದೇವೀರಮ್ಮ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕಲಸಿಹೋದವು. ಜಗುಲಿಯ ಅಂಚಿಗೆ ಕೂತು, ಮೊದಲಿಲ್ಲ ಕೊನೆಯಿಲ್ಲದ ಹಾಗೆ ಹೇಳಿದಳು.

"ಅಕ್ಕ, ಅವತ್ತು ನಮ್ಮತ್ತೆ ಅಂದದ್ದು ಎಸರಲ್ಲ. ಹೆಸರು. ಹೆಸರುಬೇಳೆ ಪಾಯ್ಸ. ನಮ್ಮೋರ್ಗೆ ಹ ಬರಲ್ಲ ಕಣಕ್ಕ. ಬಾಡಲ್ಲ ಅದು, ನಿಮ್ಮ ಲಿಂಗದಾಣೆಗೂ ಬಾಡಲ್ಲ."

ಹೇಳಿ ಮುಗಿಸಿ, ಇನ್ನೇನು ಅಕ್ಕ ಹಣೆ ಚಚ್ಚಿಕೊಂಡು ನಗುತ್ತಾಳೆ ಎಂದು ಕಾದಳು. ನಂಜಮ್ಮಣ್ಣಿ ನಗಲಿಲ್ಲ. ಚೆಲ್ಲಿದ ಅವರೆಕಾಯಿಗಳನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಂಡಳು.

"ನಂಗೊತ್ತು ದೇವೀರಿ."

"ಗೊತ್ತಾ? ಯಾರ್ ಯೋಳುದ್ರು?"

"ಯಾರೂ ಹೇಳಲಿಲ್ಲ. ನಿಮ್ಮತ್ತೆ ಆ ಮಾತಂದಾಗ ಬಾಡು ಅಂತಾನೇ ಅಂದ್ಕೊಂಡು ಎದ್ದೆ. ಬಾಗಿಲ ಹತ್ರ ಬರೋ ಹೊತ್ಗೆ ಆಯಮ್ಮ ಪಾತ್ರೆ ಹಿಡ್ಕೊಂಡು ಎದುರಿಗೇ ನಿಂತಿದ್ಲು. ಬೆಲ್ಲ ಏಲಕ್ಕಿ ಘಮ್ ಅಂತು. ಪಾಯಸ ಅಂತ ಅಲ್ಲೇ ಗೊತ್ತಾಯ್ತು."

"ಮತ್ಯಾಕೋದ್ರಿ ಅಕ್ಕ? ವಾಪಸ್ ಬಂದು ಕೂತ್ಕಬೋದಾಗಿತ್ತಲ್ಲ."

ನಂಜಮ್ಮಣ್ಣಿ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದಳು.

"ಬಂದು ಕೂತಾಗಿಂದ ಎದೆ ಹೊಡ್ಕೊಳ್ತಿತ್ತು ಕಣೆ. ಎಲ್ಲ ಹೊಸದು ಅಂದಿದ್ದೆ ನೀನು, ನಂಬಿದ್ದೆ. ಆದ್ರೂ ಎಲೆಗೆ ಕೈ ಹೋಗ್ಲಿಲ್ಲ. ಹೆಂಗಪ್ಪಾ ಎದ್ದೇಳೋದು ಅಂತಿದ್ದೆ. ಆ ಮಾತೊಂದು ಸಿಕ್ತು, ಹಿಡ್ಕೊಂಡ್ಬಿಟ್ಟೆ. ನಿನ್ನ ಮುಖ ನೋಡೋಕಾಗ್ದೆ ಪಾಳಿ ಬದಲಾಯಿಸ್ಕೊಂಡೆ."

ಒಂದು ಅಕ್ಷರವಾಗಿದ್ದರೆ ತಂದು ಜೋಡಿಸಬಹುದಿತ್ತು; ಬಸ್ಸಿನಲ್ಲಿ ದೇವೀರಮ್ಮ ಕಲಿತೂ ಬಂದಿದ್ದಳು. ಇದನ್ನು ಎಲ್ಲಿಂದ ತಂದು ಜೋಡಿಸುವುದು? ಸಿಟ್ಟು ಬಂತು, ತನ್ನ ಮೇಲೆ ಬಂತು, ಪಾತ್ರೆ ತಿಕ್ಕಿದ ತನ್ನ ಕೈಗಳ ಮೇಲೆ ಬಂತು.

"ಈ ವಾರವೆಲ್ಲ ನಮ್ಮತ್ತೆ ನಾಲ್ಗೇನ ಬೈಕಂಡೆನಲ್ಲ ಅಕ್ಕ. ಸತ್ತೋಳ್ನ" ಎಂದಳು. ಎದ್ದು ನಿಂತಳು.

"ಹಸಿದು ಬಂದಿದ್ದೀಯ, ಹಂಗೇ ಹೋಗಬೇಡ" ಎಂದಳು ನಂಜಮ್ಮಣ್ಣಿ. ಜಗುಲಿಗೆ ತಟ್ಟೆ ತರಿಸಲಿಲ್ಲ. ಕೈ ಹಿಡಿದು ನಡುಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿದಳು. ಒಳಗಿದ್ದ ನಂಜಮ್ಮಣ್ಣಿಯ ಸೊಸೆ ಒಂದು ಗಳಿಗೆ ಅತ್ತೆಯ ಮುಖ ನೋಡಿ, ಮರುಮಾತಾಡದೆ ಬಿಸಿ ಮುದ್ದೆ, ಉಪ್ಪುಸಾರು ಬಡಿಸಿ, ದನಕ್ಕೆ ನೀರಿಡಲು ಹಿತ್ತಿಲಿಗೆ ಹೋದಳು. ನಂಜಮ್ಮಣ್ಣಿ ಎದುರಿಗೆ ಕೂತಳು.

ದೇವೀರಮ್ಮ ತಟ್ಟೆ ನೋಡಿದಳು. ಈಗ ಎದ್ದುಹೋದರೆ ಹೇಗಿರುತ್ತದೆ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಲೆಕ್ಕ ಚುಕ್ತಾ ಆಗುತ್ತಿತ್ತು. ಆದರೆ ತುಂಬಿದ ಎಲೆಯ ಮುಂದೆ ಒಬ್ಬಳೇ ಕೂತವಳ ಸಂಕಟ ಏನೆಂದು ಅವಳಿಗೆ ಗೊತ್ತಿತ್ತು. ವೈರಿಗೂ ಬೇಡ ಅದು. ಮುದ್ದೆ ಮುರಿದಳು, ಸಾರಿಗೆ ಅದ್ದಿದಳು, ಉಂಡಳು. ಉಪ್ಪು ಖಾರ ಹದವಾಗಿತ್ತು. ಅಳು ಬರುತ್ತಿದ್ದರೂ ಊಟ ರುಚಿಸಿತು.

"ನಿನ್ನಂಗೆ ಉಣ್ಣೋಕೆ ನಂಗ್ಯಾವತ್ತೂ ಆಗ್ಲಿಲ್ಲ ನೋಡು" ಎಂದಳು ನಂಜಮ್ಮಣ್ಣಿ. ಅವಳ ಕಣ್ಣಲ್ಲಿ ನೀರು ನಿಂತಿತ್ತು.

ದೇವೀರಮ್ಮ ಕೊನೆಯ ತುತ್ತನ್ನು ಬಾಯಿಗಿಡಲಿಲ್ಲ. ಉಂಡೆ ಮಾಡಿ ನಂಜಮ್ಮಣ್ಣಿಯ ಮುಖದ ಹತ್ತಿರ ಹಿಡಿದಳು.

"ಅಕ್ಕ, ರಾಗಿ ನಿಮ್ದು. ಪಾತ್ರೆ ನಿಮ್ದು. ಬೇಯ್ಸಿದ್ದು ನಿಮ್ ಸೊಸೆ. ಬಾಡಿಲ್ಲ, ಎಸರಿಲ್ಲ. ಕೈ ಒಂದೇ ನಂದು."

ನಂಜಮ್ಮಣ್ಣಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಬೀದಿಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಗದರಿಸುವ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು, ಗಂಡ ಇರಲಿಲ್ಲ, ಸೊಸೆ ಹಿತ್ತಿಲಿನಲ್ಲಿದ್ದಳು. ಆದರೂ ಬಾಯಿ ತೆರೆಯಲಿಲ್ಲ. ಕೊನೆಗೆ ಬಲಗೈ ಮುಂದೆ ಚಾಚಿದಳು.

"ಕೈಗೆ ಹಾಕು. ಆಮೇಲೆ ತಿಂತೀನಿ."

ದೇವೀರಮ್ಮ ತುತ್ತನ್ನು ಅವಳ ಅಂಗೈಗೆ ಹಾಕಿದಳು. "ಆಯ್ತಕ್ಕ" ಎಂದಳು. ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ಇನ್ನು ಕೇಳುವುದು ಏನೂ ಉಳಿದಿರಲಿಲ್ಲ. ಆಸೆ ಸತ್ತರೆ ಹಗುರವಾಗುತ್ತದೆ ಅನ್ನುತ್ತಾರೆ; ಅವಳಿಗೆ ಹಾಗೇನೂ ಆಗಲಿಲ್ಲ.

ನಂಜಮ್ಮಣ್ಣಿ ಬಸ್ಸಿನ ತನಕ ಬರುತ್ತೇನೆಂದು ಹೊರಟಳು. ಬಲಗೈ ಮುಷ್ಟಿ ಸೆರಗಿನೊಳಗಿತ್ತು. ಇಬ್ಬರೂ ಮಕ್ಕಳ ಓದು, ಕಾಲುನೋವು, ಗೂಡಿನ ರೇಟು ಅಂತ ಏನೇನೋ ಮಾತಾಡಿಕೊಂಡು ನಡೆದರು. ಬಸ್ಸು ನಿಲ್ಲುವ ಕಡೆ ಒಂದು ಅಂಗಡಿ, ಅದರ ಕಟ್ಟೆಯ ತುಂಬ ಊರಿನ ಗಂಡಸರು. ನಂಜಮ್ಮಣ್ಣಿಯ ಮೈದುನ ಶಿವಮೂರ್ತಿಯೂ ಅಲ್ಲೇ ಬೀಡಿ ಸೇದುತ್ತ ಕೂತಿದ್ದ. ಅತ್ತಿಗೆಯನ್ನು ಕಂಡು ಬೀಡಿ ಹಿಂದಕ್ಕೆ ಮರೆಮಾಡಿದ. ಬಸ್ಸು ಬಂತು. ದೇವೀರಮ್ಮ ಹತ್ತಿ ಕಿಟಕಿಯ ಪಕ್ಕ ಕೂತಳು. "ಬತ್ತೀನಕ್ಕ" ಎಂದಳು. ನಂಜಮ್ಮಣ್ಣಿ ಎಡಗೈ ಎತ್ತಿ ಹೂಂ ಎಂದಳು.

ಬಸ್ಸು ಹೊರಟಾಗ ದೇವೀರಮ್ಮ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದಳು. ನಂಜಮ್ಮಣ್ಣಿ ರಸ್ತೆಯ ಮಧ್ಯಕ್ಕೆ ಬಂದು ನಿಂತಿದ್ದಳು. ಸೆರಗಿನೊಳಗಿನ ಕೈ ಹೊರಗೆ ಬಂತು. ಮುಷ್ಟಿ ಬಿಚ್ಚಿದಳು, ತುತ್ತನ್ನು ನೋಡಿದಳು, ಕಟ್ಟೆಯ ಮೇಲಿದ್ದವರೆಲ್ಲರ ಕಣ್ಣೆದುರಿಗೇ ಬಾಯಿಗೆ ಇಟ್ಟುಕೊಂಡಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಅದು ಆರಿ ಗಟ್ಟಿಯಾಗಿತ್ತೇನೋ, ನಂಜಮ್ಮಣ್ಣಿ ನಿಧಾನವಾಗಿ ಅಗಿದು ಅಗಿದು ತಿಂದಳು.

ಶಿವಮೂರ್ತಿ ಕಟ್ಟೆಯಿಂದ ಇಳಿದು ಬಂದು ಅತ್ತಿಗೆಯನ್ನು ಏನೋ ಕೇಳಿದ. ಬೀದಿಯಲ್ಲಿ ನಿಂತು ಏನು ತಿನ್ನುತ್ತಿದ್ದೀರಿ ಎಂದೇ ಕೇಳಿರಬೇಕು. ನಂಜಮ್ಮಣ್ಣಿ ತುಂಬಿದ ಬಾಯಲ್ಲಿ ಮಾತಾಡಲಿಲ್ಲ. ಎಂಜಲು ಹತ್ತಿದ ಆ ಬಲಗೈಯನ್ನೇ ಎತ್ತಿ ಬಸ್ಸಿನ ಕಡೆ ತೋರಿಸಿದಳು.

ಬಸ್ಸು ತಿರುವು ತೆಗೆದುಕೊಂಡಿತು. ದೇವೀರಮ್ಮ ಕಿಟಕಿಯ ಕಂಬಿ ಹಿಡಿದು ಕೂತಿದ್ದಳು. ಕಂಡಕ್ಟರು ಬಂದು ಎಲ್ಲಿಗವ್ವ ಎಂದು ಕೇಳಿದ, ಮತ್ತೊಮ್ಮೆ ಕೇಳಿದ. ಅವಳ ಮುಖ ನೋಡಿ, ಟಿಕೆಟ್ಟು ಆಮೇಲೆ ಕೊಟ್ಟರಾಯಿತೆಂದು ಅವನು ಮುಂದಿನ ಸೀಟಿಗೆ ಹೋದ.